ಬಳ್ಳಾರಿಯ ಡ್ರೆಸ್ ಅಂಗಡಿಯಲ್ಲಿ ವಿಜಯನಗರದ ಪೇಟೆಯನ್ನು ಹುಡುಕಿದ್ದು

ನಮ್ಮ ಪದವಿ ಕಾಲೇಜಿನ ವಿದ್ಯಾರ್ಥಿಗಳು ಕಳೆದ ಚಳಿಗಾಲದ ರಜೆಯಲ್ಲಿ ವಿಜಯನಗರ ಕಾಲದ ಕಥೆಯಿರುವ 25 ನಿಮಿಷದ ಹಾಸ್ಯಚಿತ್ರವೊಂದನ್ನು ತೆಗೆದರು. ಅದರ 14 ಪಾತ್ರಗಳಿಗೆ ಬೇಕಾದ ವೇಷಭೂಷಣವನ್ನು ಬಳ್ಳಾರಿಯ ಹಳೆಯ ಪೇಟೆಯಲ್ಲಿರುವ ನಾಟಕದ ಡ್ರೆಸ್ ಅಂಗಡಿಯೊಂದರಿಂದ 3 ದಿನಗಳ ಮಟ್ಟಿಗೆ ಬಾಡಿಗೆಗೆ ತಂದೆವು. ಜಾತ್ರೆಯ ನಾಟಕಗಳಿಗೆ, ಶಾಲೆಗಳ ವಾರ್ಷಿಕೋತ್ಸವಗಳಿಗೆ, ಈಚೆಗೆ ಮೊಬೈಲಿನಲ್ಲೇ ಕಿರುಚಿತ್ರ ಮಾಡುವ ಹುಡುಗರಿಗೆ ಇಂಥ ಅಂಗಡಿಗಳೇ ಆಧಾರವಾಗಿರುವುದರಿಂದ, ಮುಂದೆ ಅಲ್ಲಿಗೆ ಹೋಗುವವರಿಗೆ ಉಪಯೋಗವಾಗಲೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವ ಕೊರತೆಯನ್ನು ಆ ಒಂದು ಅಂಗಡಿಯ ತಲೆಗೆ ಕಟ್ಟುವುದು ನ್ಯಾಯವಾಗುವುದಿಲ್ಲ. ನಮ್ಮ ಐತಿಹಾಸಿಕ ಹಾಸ್ಯಚಿತ್ರಗಳೂ ನಾಟಕಗಳೂ ವರ್ಷಾನುಗಟ್ಟಲೆ ಏನನ್ನು ಕೇಳುತ್ತ ಬಂದಿವೆಯೋ ಅದನ್ನೇ ಆ ಅಂಗಡಿ ತನ್ನ ಟ್ರಂಕುಗಳಲ್ಲಿ ತುಂಬಿಟ್ಟುಕೊಂಡಿದೆ.

ಕಥೆಯನ್ನು ಮೊದಲು ಹೇಳದಿದ್ದರೆ ನಮಗೆ ಯಾವ ಬಟ್ಟೆ ಬೇಕಿತ್ತೆಂಬುದು ತಿಳಿಯುವುದಿಲ್ಲ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ತನಗಿಂತ ಅರ್ಧ ಶತಮಾನ ಹಿಂದೆ ಆಳಿದ ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿಯನ್ನು ಬರೆದಿದ್ದಾನೆ. ಆ ಅರಸನು ಓರ್ಮುಜ್ ಮತ್ತು ಏಡನ್ ಕಡೆಯಿಂದ ಕುದುರೆಗಳನ್ನು ತರಿಸಿ, ಬದುಕಿದ್ದರೂ ಸತ್ತಿದ್ದರೂ ಸಾವಿರ ವರಾಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತಂತೆ. ಅದೇ ನೂನಿಜ್ ಇನ್ನೊಂದು ಕಡೆ, ತಾನು ಕಂಡ ಕಾಲದ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಜ್ಯೋತಿಷ್ಯ ಹೇಳುವ ಹೆಂಗಸರೂ ಇದ್ದರೆಂದು, ಕೋಟೆಬಾಗಿಲ ಒಳಗಿನ ಖರ್ಚಿನ ಲೆಕ್ಕವನ್ನೆಲ್ಲ ಹೆಂಗಸರೇ ಬರೆಯುತ್ತಿದ್ದರೆಂದು, ರಾಜ್ಯದ ವ್ಯವಹಾರ ಬರೆಯುವ ಹೆಂಗಸರು ತಮ್ಮ ಪುಸ್ತಕವನ್ನು ಹೊರಗಿನ ಬರಹಗಾರರ ಪುಸ್ತಕದೊಂದಿಗೆ ತಾಳೆ ನೋಡುತ್ತಿದ್ದರೆಂದು ಬರೆದಿದ್ದಾನೆ. ಎರಡೂ ಬೇರೆ ಬೇರೆ ಅರಸರ ಕಾಲದ ಮಾತುಗಳು. ಹಾಸ್ಯಕ್ಕೆ ಅಷ್ಟು ಸಲಿಗೆ ಸಲ್ಲುತ್ತದೆಂದು ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಕಥೆಯಲ್ಲಿ ಹೆಣೆದರು. ಊರಿನ ದಲ್ಲಾಳಿಯೊಬ್ಬ ಸುಂಕದ ಅಧಿಕಾರಿಯ ಜೊತೆ ಸೇರಿಕೊಂಡು, ಅರಬ್ ವ್ಯಾಪಾರಿ ತಂದ ಒಂದೊಂದು ಬಾಲವನ್ನು ಸೀಳಿ ಎರಡೆರಡು ಮಾಡಿ ಬೊಕ್ಕಸದಿಂದ ಹಣ ಹೊಡೆಯುತ್ತಾನೆ. ಅರಮನೆಯ ಲೆಕ್ಕದ ಹೆಂಗಸೊಬ್ಬಳು ಎರಡು ಪುಸ್ತಕಗಳನ್ನು ತಾಳೆ ನೋಡಿ, ಹಡಗಿನಲ್ಲಿ ಹತ್ತಿದ ಕುದುರೆಗಳಿಗಿಂತ ಸತ್ತ ಕುದುರೆಗಳೇ ಹೆಚ್ಚಾಗಿರುವುದನ್ನು ಹಿಡಿಯುತ್ತಾಳೆ. ಹಡಗಿನೊಂದಿಗೆ ಬಂದ ಹಬಶಿ, ಅಂದರೆ ಆಫ್ರಿಕಾ ಮೂಲದ, ನಾವಿಕನೊಬ್ಬ ಸಾಕ್ಷಿ ಹೇಳುತ್ತಾನೆ. ನಗು ಬರುವುದು ದಲ್ಲಾಳಿಯ ದುರಾಸೆಯಿಂದ. ಪರದೇಶದವನ ನಾಲಿಗೆಯಿಂದಲೋ, ಕಪ್ಪು ಮೈಯಿಂದಲೋ, ಹೆಂಗಸಿನ ಗಾತ್ರದಿಂದಲೋ ನಗು ಹುಟ್ಟಿಸಬಾರದೆಂದು ಚಿತ್ರಕಥೆ ಬರೆದ ಹುಡುಗಿಯರು ಮೊದಲ ದಿನವೇ ತೀರ್ಮಾನಿಸಿದ್ದರು.

ಅಂಗಡಿಯ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಯಜಮಾನರು ಬಟ್ಟೆಯ ವಿಷಯದಲ್ಲಿ ಪ್ರಾಮಾಣಿಕರು. ಪ್ರತಿ ಸೆಟ್ ಒಗೆದು, ಮಡಿಸಿ, ಬೇವಿನ ಎಲೆ ಹಾಕಿದ ಟ್ರಂಕಿನಿಂದಲೇ ಹೊರಬರುತ್ತದೆ. ಬೆವರಿನ ವಾಸನೆಯ ಅಂಗಿಯನ್ನು ಹಾಕಿಕೊಳ್ಳಲಾರದೆ ಮಕ್ಕಳು ಒದ್ದಾಡುವುದನ್ನು ಬೇರೆ ಕಡೆ ನಾನು ನೋಡಿದ್ದೇನೆ; ಇಲ್ಲಿ ಆ ತೊಂದರೆ ಇರಲಿಲ್ಲ. ಕಿರೀಟ, ಭುಜಕೀರ್ತಿ, ಎದೆಹಾರ, ಡಾಬು, ಕತ್ತಿ, ಗದೆ ಎಲ್ಲವೂ ಲೆಕ್ಕವಿಟ್ಟು ಕೊಡುತ್ತಾರೆ, ಲೆಕ್ಕವಿಟ್ಟು ತೆಗೆದುಕೊಳ್ಳುತ್ತಾರೆ. ರಾಜನ ಸೆಟ್‌ಗೆ ದಿನಕ್ಕೆ 500, ಮಂತ್ರಿ ಮತ್ತು ಮುಖ್ಯ ಪಾತ್ರಗಳಿಗೆ 300, ಸೈನಿಕರಿಗೆ ಮತ್ತು ಉಳಿದವರಿಗೆ 150 ರೂಪಾಯಿ. ಮೊದಲ ದಿನಕ್ಕೆ ಪೂರ್ತಿ ಬಾಡಿಗೆ, ಮುಂದಿನ ದಿನಗಳಿಗೆ ಅರ್ಧ. ನಮಗೆ ಒಟ್ಟು 6,400 ರೂಪಾಯಿ ಆಯಿತು, ಡಿಪಾಸಿಟ್ 5,000. ಬಣ್ಣ ಹಚ್ಚುವವರನ್ನೂ ಅವರೇ ಗೊತ್ತುಮಾಡಿ ಕಳಿಸುತ್ತಾರೆ. ಅವರ ಕೂಲಿ ಬೇರೆ.

ಕಷ್ಟ ಶುರುವಾದದ್ದು ನಮ್ಮ ಪಾತ್ರಗಳ ಪಟ್ಟಿಯನ್ನು ಗಲ್ಲಾದ ಮೇಲೆ ಇಟ್ಟಾಗ. ರಾಜನಿಗೆ ಹತ್ತು ಬಗೆಯ ಕಿರೀಟಗಳು ಬಂದವು. ಲೆಕ್ಕದ ಹೆಂಗಸಿಗೆ ಏನು ಕೊಡಬೇಕೆಂದು ಯಜಮಾನರಿಗೆ ತಿಳಿಯಲಿಲ್ಲ. ರಾಣಿ ಇದ್ದಾಳೆ, ಸಖಿ ಇದ್ದಾಳೆ, ನರ್ತಕಿ ಇದ್ದಾಳೆ, ಮುದುಕಿ ಇದ್ದಾಳೆ ಎಂದು ಬೆರಳು ಮಡಿಸಿ ಎಣಿಸಿ, "ಹೆಣ್ಣು ಪಾತ್ರ ಅಂದ್ರೆ ಇಷ್ಟೇ ಅಲ್ರೀ ಮೇಡಂ" ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅರಮನೆ ಹಾಸ್ಯದ ನಮ್ಮ ಚಿತ್ರಗಳನ್ನು ನೆನೆಸಿಕೊಂಡರೆ ಅವರ ಎಣಿಕೆ ಸರಿಯಾಗಿಯೇ ಇದೆ. ರಾಣಿಯರ ಮುನಿಸು, ವಿದೂಷಕನ ಹೆಂಡತಿಯ ಜಗಳ, ಸಭೆಯಲ್ಲೊಂದು ನೃತ್ಯ, ಇಷ್ಟರಲ್ಲೇ ಹೆಣ್ಣಿನ ಪಾಲು ಮುಗಿಯುತ್ತದೆ. ಹೆಣ್ಣೊಬ್ಬಳು ಕೆಲಸದಲ್ಲಿರುವುದನ್ನು, ಕಂಠ ಹಿಡಿದು ಓಲೆಯ ಮೇಲೆ ಬರೆಯುವುದನ್ನು, ಕುಸ್ತಿಯ ಪಟ್ಟು ಹಾಕುವುದನ್ನು ಆ ಚಿತ್ರಗಳು ತೋರಿಸಲಿಲ್ಲವಾದ್ದರಿಂದ ಯಾರೂ ಆ ಬಟ್ಟೆಯನ್ನು ಕೇಳಲಿಲ್ಲ. ಯಾರೂ ಕೇಳದ್ದರಿಂದ ಯಾವ ಟ್ರಂಕಿನಲ್ಲೂ ಅದು ಇಲ್ಲ. ಬಟ್ಟೆ ಸಿಗುವುದಿಲ್ಲವೆಂದು ಮುಂದಿನ ತಂಡದವರು ಆ ಪಾತ್ರವನ್ನೇ ಬರೆಯುವುದಿಲ್ಲ. ಈ ಸರಪಣಿಯನ್ನು ನಾನು ಆ ಗಲ್ಲಾದ ಮುಂದೆ ನಿಂತಾಗಲೇ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡದ್ದು.

ಅನಂತರ "ತುರುಕರ ಟ್ರಂಕು" ತೆರೆದರು. ಅಂಗಡಿಯಲ್ಲಿ ಅದಕ್ಕೆ ಅದೇ ಹೆಸರು. ಒಳಗಿದ್ದುದು ಹಸಿರು ಮಖಮಲ್ಲಿನ ಜಾಕೀಟು, ಚಮಕಿ ಹೊಲಿದ ಸಡಿಲ ಷರಾಯಿ, ಬಾಗಿದ ಕತ್ತಿ, ಮತ್ತು ಒಂದೇ ಅಳತೆಯ ಆರು ಕಪ್ಪು ಕ್ರೇಪ್ ಗಡ್ಡಗಳು. ಸುಲ್ತಾನನಿಗೂ ಅದೇ, ಕಟುಕನಿಗೂ ಅದೇ, ಅತ್ತರಿನ ವ್ಯಾಪಾರಿಗೂ ಅದೇ. ಖಳನಾದರೆ ಕಣ್ಣಿನ ಸುತ್ತ ಕೆಂಪು ಹಚ್ಚುತ್ತಾರೆ, ಹಾಸ್ಯದವನಾದರೆ ಕೆನ್ನೆಗೆ ಕೆಂಪು ಹಚ್ಚುತ್ತಾರೆ. ಮೂರನೆಯ ಬಗೆಯ ಮುಸಲ್ಮಾನನೊಬ್ಬ ಆ ಟ್ರಂಕಿನಲ್ಲಿರಲಿಲ್ಲ. ನಮ್ಮದು ವಿಜಯನಗರದ ಕಥೆ. ಎರಡನೆಯ ದೇವರಾಯನ ಸೇನೆಯಲ್ಲಿ ಮುಸಲ್ಮಾನ ಬಿಲ್ಲುಗಾರರಿದ್ದರು; ಅವರು ತಮ್ಮ ಧರ್ಮಕ್ಕೆ ತಪ್ಪದೆ ಅರಸನಿಗೆ ನಮಸ್ಕರಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸುತ್ತಿದ್ದರೆಂದು ಪಾರಸಿ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆ ಅರಸನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಹಂಪಿಯಲ್ಲಿದೆ. ಹೀಗಿರುವಾಗ ವಿಜಯನಗರದ ಬೀದಿಯಲ್ಲಿ ನಡೆಯುವ ಹಾಸ್ಯದೊಳಗೆ ಮುಸಲ್ಮಾನನೆಂದರೆ ಹೊರಗಿನಿಂದ ದಾಳಿಗೆ ಬಂದವನು ಅಥವಾ ತಪ್ಪು ಕನ್ನಡ ಮಾತಾಡಿ ನಗಿಸುವವನು ಎಂದಿಷ್ಟೇ ಇದ್ದರೆ, ಅದು ಆ ಕಾಲದ ಜನರಿಗೂ ಈಗ ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವವರಿಗೂ ಮಾಡುವ ಅನ್ಯಾಯ. ಈ ಊರಿಗಂತೂ ಇದಕ್ಕಿಂತ ಒಳ್ಳೆಯ ಪರಂಪರೆಯಿದೆ. ಬಳ್ಳಾರಿ ರಾಘವರು ಕೋಲಾಚಲಂ ಶ್ರೀನಿವಾಸರಾಯರ ರಾಮರಾಜು ನಾಟಕದಲ್ಲಿ ವಹಿಸುತ್ತಿದ್ದ ಪಠಾಣ ರುಸ್ತುಮನ ಪಾತ್ರ ಅವರ ಹೆಸರಾಂತ ಪಾತ್ರಗಳಲ್ಲೊಂದು. ವಿಜಯನಗರದ ಪತನದ ಕಥೆಯಲ್ಲಿ ಒಬ್ಬ ಪಠಾಣನ ಪಾತ್ರಕ್ಕೆ ಊರಿನ ಅತಿ ದೊಡ್ಡ ನಟ ತನ್ನನ್ನು ಕೊಟ್ಟುಕೊಂಡಿದ್ದ ಊರಿದು.

ನಮ್ಮ ಅರಬ್ ವ್ಯಾಪಾರಿಗೆ ಕಡೆಗೆ ಆ ಟ್ರಂಕಿನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಸೈನಿಕರ ಸಾದಾ ಬಿಳಿ ನಿಲುವಂಗಿಯೊಂದಕ್ಕೆ ಸೊಂಟಪಟ್ಟಿ ಕಟ್ಟಿ, ಬಿಳಿ ರುಮಾಲು ಸುತ್ತಿ, ಆ ಪಾತ್ರ ಮಾಡಿದ ಹುಡುಗನ ಸ್ವಂತ ಕುರುಚಲು ಗಡ್ಡವನ್ನೇ ಉಳಿಸಿಕೊಂಡೆವು.

ಇಲ್ಲಿಯೇ ಕುಲಾವಿಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದೇ. ವಿಜಯನಗರದ ಅರಸನೆಂದರೆ ನಮ್ಮ ಕಣ್ಣಿಗೆ ಕಟ್ಟುವುದು 1970ರ ಶ್ರೀಕೃಷ್ಣದೇವರಾಯ ಚಿತ್ರದ ರಾಜಕುಮಾರ್. ಗಿರಾಕಿಗಳು ಈಗಲೂ ಆ ಚಿತ್ರದ ಫೋಟೊವನ್ನೇ ಮೊಬೈಲಿನಲ್ಲಿ ತೋರಿಸಿ "ಇದೇ ಬೇಕು" ಎನ್ನುತ್ತಾರೆಂದು ಯಜಮಾನರು ಹೇಳಿದರು. ಆದರೆ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿರುವುದು ಬೇರೆ. ಅರಸನ ತಲೆಯ ಮೇಲೆ ಜರತಾರಿಯ ಎತ್ತರದ ಟೋಪಿಯಿತ್ತು, ಅದರ ಮೇಲೆ ನವುರಾದ ರೇಷ್ಮೆ ಬಟ್ಟೆಯಿತ್ತು, ಅರಸ ಬರಿಗಾಲಿನಲ್ಲಿದ್ದ. ತಿರುಮಲೆಯಲ್ಲಿ ಇಬ್ಬರು ರಾಣಿಯರೊಂದಿಗೆ ಕೈಮುಗಿದು ನಿಂತಿರುವ ಅವನ ಕಂಚಿನ ಮೂರ್ತಿಯ ತಲೆಯ ಮೇಲೂ, ಲೇಪಾಕ್ಷಿ ದೇವಸ್ಥಾನದ ಚಾವಣಿಯಲ್ಲಿ ಬರೆದ ಗಂಡಸರ ತಲೆಯ ಮೇಲೂ ಅದೇ ಎತ್ತರದ ಟೋಪಿಯನ್ನು ನೋಡಬಹುದು. ಅದರ ಹೆಸರು ಕುಲ್ಲಾಯಿ, ಜೊತೆಗೆ ತೊಡುತ್ತಿದ್ದ ಉದ್ದನೆಯ ಅಂಗಿಯ ಹೆಸರು ಕಬಾಯಿ. ಒಂದು ಪಾರಸಿಯ ಕುಲಾಹ್, ಇನ್ನೊಂದು ಅರಬ್ಬಿಯ ಕಬಾ. ನಮ್ಮ ಮನೆಗಳಲ್ಲಿ ಅಜ್ಜಿಯರು ಕೂಸಿಗೆ ಹೊಲಿಯುವ ಕುಲಾವಿಯಲ್ಲಿ ಉಳಿದಿರುವುದೂ ಅದೇ ಮಾತು. ಹಿಂದೂ ಸಾಮ್ರಾಟನೆಂದು ನಾವು ಎದೆಯುಬ್ಬಿಸಿ ಹೇಳುವ ಅರಸನು ಓಲಗಕ್ಕೆ ಬರುವಾಗ ಧರಿಸುತ್ತಿದ್ದುದು ಪಶ್ಚಿಮದ ಸಮುದ್ರದಾಚೆಯ ಉಡುಪಿನಿಂದ ಬೆಳೆದುಬಂದ ವೇಷವೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿದಾಗ, ಚಿತ್ರದ ಬಗೆಗಿನ ಅವರ ಯೋಚನೆಯೇ ಬದಲಾಯಿತು. ನಾವು ಯಾವುದನ್ನು ವೈವಿಧ್ಯವೆಂದು ಹೊರಗಿನಿಂದ ತಂದು ಸೇರಿಸಬೇಕೆಂದುಕೊಂಡಿದ್ದೆವೋ ಅದು ಅರಸನ ನೆತ್ತಿಯ ಮೇಲೇ ಇತ್ತು.

ಅಂಗಡಿಯಲ್ಲಿ ಕುಲ್ಲಾಯಿ ಇರಲಿಲ್ಲ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ದರ್ಜಿಯೊಬ್ಬರ ಹತ್ತಿರ ಹೋಗಿ, ಲೇಪಾಕ್ಷಿ ಚಿತ್ರದ ಫೋಟೊ ತೋರಿಸಿದೆವು. ಅವರು ಅದನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ನಾಲ್ಕು ಪಟ್ಟಿ ಕತ್ತರಿಸಿ, ಒಬ್ಬ ವಿದ್ಯಾರ್ಥಿನಿಯ ತಲೆಗೆ ಹಿಡಿದು ಅಳತೆ ಸರಿಮಾಡಿಕೊಂಡರು. ಒಳಗೆ ಜೀನ್ಸಿನ ಸೊಂಟಪಟ್ಟಿಗೆ ಹಾಕುವ ಗಟ್ಟಿ ಕ್ಯಾನ್ವಾಸು, ಹೊರಗೆ ಜರಿಯ ರವಿಕೆ ಕಣದ ಬಟ್ಟೆ. ಸಂಜೆಯೊಳಗೆ ಮೂರು ಕುಲ್ಲಾಯಿ ಸಿದ್ಧವಾದವು. ಗೇಣುದ್ದಕ್ಕಿಂತ ತುಸು ಹೆಚ್ಚು ಎತ್ತರ, ನೆತ್ತಿಯಲ್ಲಿ ದುಂಡು, ಗಾಳಿಗೂ ಬಾಗದಷ್ಟು ಬಿಗಿ. ಆ ದರ್ಜಿ ನಮಾಜಿಗೆ ಹೋಗುವಾಗ ಹಾಕಿಕೊಳ್ಳುವ ತಮ್ಮ ಟೋಪಿಯನ್ನು ಪಕ್ಕಕ್ಕಿಟ್ಟು, ರಾಜನ ಕುಲ್ಲಾಯಿಯನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. ಹೊಲಿಗೆಗೆ ಅವರು ಕೇಳಿದ್ದು ಟೋಪಿಗೆ 120 ರೂಪಾಯಿ.

ಹಾಸ್ಯಪಾತ್ರಗಳ ಗೂಟದಲ್ಲಿ ತೂಗುತ್ತಿದ್ದವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಹತ್ತಿ ತುಂಬಿದ ಬೊಜ್ಜು, ಉಬ್ಬುಹಲ್ಲು, ಗೂನಿಗೆ ಕಟ್ಟುವ ದಿಂಬು, ಗಂಡಸು ಹೆಂಗಸಿನ ವೇಷ ಹಾಕುವಾಗ ತೊಡುವ ತುಂಬಿದ ರವಿಕೆ. ನೋಡಿದ ಕೂಡಲೇ ತಿಳಿಯುತ್ತದೆ, ದಪ್ಪಗಿರುವವರು, ಗೂನು ಬೆನ್ನಿನವರು, ಗಂಡಿನ ದೇಹದಲ್ಲಿದ್ದು ಸೀರೆ ಉಡುವವರು, ಇವರೆಲ್ಲ ನಗುವಿಗೆ ಗುರಿಯೆಂದು ಅಂಗಡಿ ಹುಟ್ಟುವ ಮೊದಲೇ ನಿಶ್ಚಯವಾಗಿದೆ. ಹುಲಿಗೆಮ್ಮನ ಜಾತ್ರೆಗೆ ಹೋಗಿ ಜೋಗತಿಯರ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುವ ಜನ ನಾವು. ಈ ನೆಲದಲ್ಲೇ ಹುಟ್ಟಿ ಬೆಳೆದ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂಥ ಜಿಲ್ಲೆಯ ಕಾಲೇಜು ತೆಗೆಯುವ ಚಿತ್ರದಲ್ಲಿ ಆ ರವಿಕೆಗೆ ಜಾಗವಿಲ್ಲವೆಂದು ನಾನು ಯಜಮಾನರಿಗೆ ಹೇಳಿದೆ. ಅವರು ಅದನ್ನು ಮಾತಿಲ್ಲದೆ ಗೂಟಕ್ಕೆ ಹಾಕಿದರು. ಸ್ತ್ರೀವೇಷವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಅದನ್ನು ತಪಸ್ಸಿನಂತೆ ಮಾಡಿದ ನಟರಿದ್ದರು. ರಾಘವರಾದರೋ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದು, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತರಲು ದುಡಿದರು. ಆ ಎರಡೂ ಗೌರವದ ದಾರಿಗಳೇ.

ಚಿತ್ರೀಕರಣ ನಡೆದದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹತ್ತಿರದ ಪರಿಚಯದವರ ಬಾಳೆತೋಟದಲ್ಲಿ. ಎರಡನೆಯ ದಿನ ಬೆಳಿಗ್ಗೆ ಅಂಗಡಿಯವರು ಕಳಿಸಿದ ಬಣ್ಣದವರು ನಾವಿಕನ ಪಾತ್ರದ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿದ್ದರು. ನಾನು ಹೋಗುವ ಹೊತ್ತಿಗೆ ಅರ್ಧ ಮುಖಕ್ಕೆ ಕಾಡಿಗೆಯಂಥ ಕಪ್ಪು, ತುಟಿಗೆ ದಪ್ಪ ಕೆಂಪು ಬಳಿದಾಗಿತ್ತು. ಸಿರುಗುಪ್ಪ ಕಡೆಯ ಆ ಹುಡುಗ ಮೊದಲೇ ಕಪ್ಪಗಿರುವವನು. ಕೈಗನ್ನಡಿಯನ್ನು ತೊಡೆಯ ಮೇಲೆ ಬೋರಲು ಹಾಕಿ ನೆಲ ನೋಡುತ್ತಿದ್ದ. ನಾನು ನಿಲ್ಲಿಸಿ ಎಂದಾಗ ಬಣ್ಣದವರು ಆಶ್ಚರ್ಯಪಟ್ಟು, "ಹಬಶಿ ಅಂದ್ರೆ ಕಪ್ಪು ಹಚ್ಬೇಕಲ್ರೀ ಮೇಡಂ, ಇಲ್ದಿದ್ರೆ ಜನ ನಗಲ್ರಿ" ಎಂದರು. ಅವರು ನಲವತ್ತು ವರ್ಷ ಕಂಪನಿಗಳಲ್ಲಿ ದುಡಿದ ಹಿರಿಯರು, ನಮ್ಮ ಮಕ್ಕಳಿಗೆ ಮನೆಯವರಂತೆ ಊಟ ಬಡಿಸಿದವರು. ನಾನು ಅವರ ಪಕ್ಕದಲ್ಲಿ ಕೂತು ಆ ನಾವಿಕ ಕಥೆಯಲ್ಲಿ ಏನು ಮಾಡುತ್ತಾನೆಂಬುದನ್ನು ಹೇಳಿದೆ. ಹಡಗಿನಲ್ಲಿ ನಿಜವಾಗಿ ಎಷ್ಟು ಕುದುರೆ ಸತ್ತವೆಂದು ಬಲ್ಲವನು ಅವನೊಬ್ಬನೇ. ಅವನು ಬಾಯಿ ತೆರೆದಾಗ ಸಭೆ ನಗಬಾರದು, ಉಸಿರು ಬಿಗಿಹಿಡಿಯಬೇಕು. ಆಫ್ರಿಕಾದಿಂದ ಬಂದವರ ಸಂತತಿಯ ಸಿದ್ದಿಗಳು ನಮ್ಮದೇ ರಾಜ್ಯದ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಕನ್ನಡವನ್ನೂ ಮಾತಾಡಿಕೊಂಡು ಬದುಕುತ್ತಿದ್ದಾರೆ. ಅವರ ಮನೆಯ ಮಗು ಈ ಚಿತ್ರ ನೋಡಿದರೆ ಏನನ್ನಿಸಬೇಕೆಂದೂ ಕೇಳಿದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ, ಹುಡುಗನ ಗಲ್ಲ ಹಿಡಿದು ತಾವೇ ಬಣ್ಣವನ್ನೆಲ್ಲ ಒರೆಸಿ, ಬಿಸಿಲಿಗೆ ಹೊಳೆಯದಂತೆ ಅವನ ಬಣ್ಣಕ್ಕೇ ಹೊಂದುವ ಪುಡಿಯನ್ನು ತೆಳ್ಳಗೆ ಹಾಕಿದರು. ಆ ಪುಡಿ ಅವರ ಪೆಟ್ಟಿಗೆಯ ತಳದಲ್ಲಿತ್ತು, ಡಬ್ಬಿ ಹೊಸದಾಗಿಯೇ ಇತ್ತು. ಇಷ್ಟು ವರ್ಷದಲ್ಲಿ ಕಪ್ಪಗಿನ ಮುಖವನ್ನು ಅದರ ಬಣ್ಣದಲ್ಲೇ ಚೆನ್ನಾಗಿ ಕಾಣಿಸಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಸಿದ್ದಿ ನಟನೊಬ್ಬನನ್ನು ಹುಡುಕಿ ಆ ಪಾತ್ರ ಮಾಡಿಸಬೇಕಿತ್ತೆಂಬ ಕೊರಗು ನನ್ನಲ್ಲಿ ಇನ್ನೂ ಇದೆ. ಮುಂದಿನ ಚಿತ್ರದ ಹೊತ್ತಿಗೆ ಆ ಪ್ರಯತ್ನವನ್ನು ಮೊದಲೇ ಶುರುಮಾಡಬೇಕು.

ಕುಸ್ತಿಯ ಹೆಂಗಸಿಗೆ ಕಚ್ಚೆ ಹಾಕಿ ಉಡಿಸಿದ ಇಳಕಲ್ ಸೀರೆ ಸಾಕಾಯಿತು, ಅದು ಮನೆಯಿಂದಲೇ ಬಂತು. ಲೆಕ್ಕದ ಹೆಂಗಸಿಗೂ ರಾಣಿಯ ಜರಿ ಬೇಡವೆಂದು ಸಾದಾ ಹತ್ತಿ ಸೀರೆಯನ್ನೇ ಉಡಿಸಿ, ಸೊಂಟಕ್ಕೆ ಕಂಠ ಸಿಕ್ಕಿಸಿ, ಕೈಗೆ ತಾಳೆಗರಿಯ ಕಟ್ಟು ಕೊಟ್ಟೆವು. ಬಾಡಿಗೆಗೆ ತಂದ ಎರಡು ಸಖಿಯರ ಸೆಟ್ ಹಾಗೆಯೇ ಮಡಿಕೆ ಬಿಚ್ಚದೆ ಹಿಂತಿರುಗಿತು. ಅದರ ಬಾಡಿಗೆಯನ್ನು ಯಜಮಾನರು ಬಿಡಲಿಲ್ಲ, ಬಿಡಬೇಕೆಂದು ನಾವೂ ಕೇಳಲಿಲ್ಲ.

ಇನ್ನು ಅಂಗಡಿಗೆ ಹೋಗುವವರಿಗೆ ಎರಡು ಮಾತು. ಜಾತ್ರೆಯ ತಿಂಗಳುಗಳಲ್ಲಿ ಕನಿಷ್ಠ ಒಂದು ವಾರ ಮೊದಲೇ ಹೋಗಿ, ಬಟ್ಟೆಗಳನ್ನು ಹಾಕಿಸಿ ನೋಡಿಯೇ ತನ್ನಿ. ಸೈನಿಕರ ಎದೆಕವಚಗಳೆಲ್ಲ ತೆಳ್ಳಗಿನ ಹುಡುಗರ ಅಳತೆಯವು, ನಮ್ಮ ಒಬ್ಬ ಸೈನಿಕನಿಗೆ ಬೆನ್ನಿನ ಹಿಂದೆ ದಾರ ಕಟ್ಟಬೇಕಾಯಿತು. ಸುರುಳಿ ಮೂತಿಯ ಬಂಗಾರ ಬಣ್ಣದ ಚಡಾವುಗಳನ್ನು ಬಿಟ್ಟುಬಿಡಿ, ಅರಸ ಬರಿಗಾಲಿನಲ್ಲಿ ನಡೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕಥೆಯಲ್ಲಿ ಯಾರಿದ್ದಾರೆಂಬ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ನಿಂತು ಟ್ರಂಕುಗಳನ್ನು ನೋಡಿಕೊಂಡು ಪಾತ್ರ ಬರೆಯತೊಡಗಿದರೆ, ಹತ್ತು ಜನ ರಾಜರೂ ಒಬ್ಬ ಬೊಜ್ಜಿನ ವಿದೂಷಕನೂ ಇರುವ ಊರೇ ನಿಮ್ಮ ಚಿತ್ರದಲ್ಲಿ ಮೂಡುತ್ತದೆ.

ಬಟ್ಟೆ ಹಿಂತಿರುಗಿಸುವಾಗ ಹರಿದ ಒಂದು ಸೊಂಟಪಟ್ಟಿಗೆಂದು ಡಿಪಾಸಿಟ್ಟಿನಿಂದ 250 ರೂಪಾಯಿ ಹಿಡಿದುಕೊಂಡರು, ಅದು ಸರಿಯಾದ ಲೆಕ್ಕವೇ. ಮೂರು ಕುಲ್ಲಾಯಿಗಳನ್ನು ನೋಡಿ ಯಜಮಾನರು ಅವುಗಳನ್ನು ತಿರುಗಿಸಿ ಒಳಗಿನ ಕ್ಯಾನ್ವಾಸನ್ನು ಒತ್ತಿ ನೋಡಿದರು, ದರ್ಜಿ ಯಾರೆಂದು ಕೇಳಿದರು, ಎರಡನ್ನು ಹೊಲಿಗೆಯ ಬೆಲೆಗೇ ಕೊಂಡರು. ಮೂರನೆಯದನ್ನು ವಿದ್ಯಾರ್ಥಿಗಳು ಕೊಡಲೊಪ್ಪಲಿಲ್ಲ. ಪುಂಡಿನಾರನ್ನು ಕಪ್ಪು ಬಣ್ಣದಲ್ಲಿ ಅದ್ದಿ ಮಾಡಿದ್ದ ಕುದುರೆಯ ಬಾಲಗಳನ್ನು ಅವರಿಗೆ ಹಾಗೆಯೇ ಬಿಟ್ಟು ಬಂದೆವು. ಕಳೆದ ವಾರ ಹೋದಾಗ ಅವು ಗದೆಗಳ ಪಕ್ಕದ ಗೂಟದಲ್ಲಿ ತೂಗುತ್ತಿದ್ದವು. ಬಾಡಿಗೆ ದಿನಕ್ಕೆ 30 ರೂಪಾಯಿ, ಸೀಳಿದ ಬಾಲಕ್ಕೂ ಅಷ್ಟೇ.